ಬೆನ್ನ ಮೇಲೆ ಬೀಳುವ ವಿದ್ಯೆ

ಮಾದಾಪುರದ ಜಿಮ್ಮೊಂದರಲ್ಲಿ ನಾನು ತರಬೇತಿ ಕೊಡುತ್ತಿದ್ದ ದಿನಗಳಲ್ಲಿ, ಅಲ್ಲಿಗೆ ಬರುತ್ತಿದ್ದ ಸಾಫ್ಟ್‌ವೇರ್ ಹುಡುಗರು ನನ್ನನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ಮಾಸ್ಟರ್, ನೀವು ವಾರದ ಕೊನೆಗೆ ಆಡುವ ಆ ಕುಸ್ತಿ ಎಲ್ಲ ಸುಳ್ಳಂತಲ್ಲ?’ ತೆಲುಗಿನಲ್ಲಿ ಕೇಳಲಿ, ಹಿಂದಿಯಲ್ಲಿ ಕೇಳಲಿ, ಕೇಳುವಾಗಿನ ನಗು ಮಾತ್ರ ಒಂದೇ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ‘ಬಾ, ಒಮ್ಮೆ ಎತ್ತಿ ಒಗೆಯುತ್ತೇನೆ, ಆಮೇಲೆ ನೀನೇ ಹೇಳು’ ಎಂಬ ಮಾತು ನಾಲಿಗೆಯ ತನಕ ಬಂದದ್ದನ್ನು ನುಂಗಿಕೊಂಡು, ‘ಯಾರು ಗೆಲ್ಲಬೇಕು ಅನ್ನುವುದು ಮೊದಲೇ ತೀರ್ಮಾನವಾಗಿರುತ್ತದೆ. ಆದರೆ ಬೀಳುವಾಗ ನಿಜವಾಗಿಯೇ ಬೀಳಬೇಕು’ ಎನ್ನುತ್ತಿದ್ದೆ. ಅವರಿಗೆ ಅರ್ಧ ಮಾತು ಮಾತ್ರ ಕೇಳಿಸುತ್ತಿತ್ತು. ಮತ್ತೆ ಟ್ರೆಡ್‌ಮಿಲ್ ಹತ್ತಿ, ಫೋನ್ ನೋಡುತ್ತ, ಎಲ್ಲಿಗೂ ಹೋಗದೆ ಓಡುತ್ತಿದ್ದರು.

ಆ ಕಡೆ ನೋಡಿದಲ್ಲೆಲ್ಲ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಒಂದೊಂದು ಕಟ್ಟಡದಲ್ಲೂ ಸಾವಿರಾರು ಜನ. ಅವರಿಗೆ ವರ್ಷಕ್ಕೊಮ್ಮೆ ವಾರ್ಷಿಕೋತ್ಸವ. ವಾರ್ಷಿಕೋತ್ಸವ ಅಂದಮೇಲೆ ಏನಾದರೊಂದು ಮನರಂಜನೆ ಬೇಕು. ಹಾಡು, ಮಿಮಿಕ್ರಿ, ಜಾದೂ ಎಲ್ಲ ಮುಗಿದು ಬೇಸರ ಬಂದ ಮೇಲೆ ನಮ್ಮ ಸರದಿ ಬಂತು. ನಾವು ಎಂದರೆ ಟಿವಿಯಲ್ಲಿ ಬರುವ ದೊಡ್ಡವರಲ್ಲ. ಯಾವ ಕಂಪನಿಗೂ ಸೇರದ, ಕರೆದಲ್ಲಿಗೆ ಹಗ್ಗ, ಕಂಬ, ಹಲಗೆ ಹೇರಿಕೊಂಡು ಹೋಗಿ, ನಾವೇ ರಿಂಗ್ ಕಟ್ಟಿ, ಆಡಿ, ನಾವೇ ಬಿಚ್ಚಿಕೊಂಡು ಬರುವ ಸ್ವತಂತ್ರ ಪೈಲ್ವಾನರು. ಮಾಲುಗಳಲ್ಲಿ ಆಡಿದ್ದೇವೆ, ಕಾಲೇಜು ಉತ್ಸವಗಳಲ್ಲಿ ಆಡಿದ್ದೇವೆ. ಒಮ್ಮೆ ಮದುವೆಯ ಆರತಕ್ಷತೆಯಲ್ಲೂ ಆಡಿದ್ದೇವೆ. ಆ ದಿನ ಮದುಮಗನ ಅಜ್ಜಿ ಜಗಳ ಬಿಡಿಸಲು ಎದ್ದು ಬಂದಿದ್ದರು. ನನ್ನ ಹೊಳೆಯುವ ನೀಲಿ ಚಡ್ಡಿಯ ಬಟ್ಟೆಯನ್ನು ಅವ್ವನೇ ಸುಲ್ತಾನ್ ಬಜಾರಿನಲ್ಲಿ ಚೌಕಾಸಿ ಮಾಡಿ ತಂದು ಹೊಲಿದಿದ್ದಳು. ‘ಯಾರಿಗಮ್ಮಾ, ಮೊಮ್ಮಗಳ ಡಾನ್ಸಿಗಾ?’ ಎಂದು ಅಂಗಡಿಯವನು ಕೇಳಿದ್ದಕ್ಕೆ ಅವ್ವ ಹೌದು ಅಂದಿದ್ದಳಂತೆ.

ಅಪ್ಪನಿಗೆ ಇದು ಯಾವುದೂ ಹಿಡಿಸುತ್ತಿರಲಿಲ್ಲ. ಅಪ್ಪ ವಿಜಾಪುರದ ಕಡೆಯ ಮಣ್ಣಿನ ಕಣದಲ್ಲಿ ಬೆಳೆದ ಪೈಲ್ವಾನರು. ಕುಸ್ತಿಯ ಬಲದಿಂದಲೇ ರೈಲ್ವೆಯಲ್ಲಿ ಕೆಲಸ ಸಿಕ್ಕಿ, ಮಲ್ಕಾಜ್‌ಗಿರಿಗೆ ಬಂದು ನೆಲೆ ನಿಂತವರು. ನಾನು ನಡೆಯಲು ಕಲಿಯುವ ಮೊದಲೇ ನನಗೆ ಬೀಳಲು ಕಲಿಸಿದ್ದರು ಎಂದು ಅವ್ವ ತಮಾಷೆ ಮಾಡುತ್ತಿದ್ದಳು. ಆದರೆ ಕಲಿಸಿದ್ದು ಬೀಳುವುದನ್ನಲ್ಲ, ಬಿದ್ದರೂ ಬೆನ್ನು ಕೊಡದಿರುವುದನ್ನು. ಮಣ್ಣಿನ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿತೆಂದರೆ ಮುಗಿಯಿತು, ಚಿತ್. ಎದುರಾಳಿ ಎತ್ತಿ ಒಗೆದರೆ ಗಾಳಿಯಲ್ಲೇ ಹೊರಳಿ ಹೊಟ್ಟೆಯ ಮೇಲೆ ಬೀಳಬೇಕು. ಅದೂ ಆಗದಿದ್ದರೆ ನೆತ್ತಿ, ಹಿಮ್ಮಡಿ ಎರಡನ್ನೇ ಊರಿ ನಡುವನ್ನು ಬಿಲ್ಲಿನ ಹಾಗೆ ಎತ್ತಿ ಹಿಡಿಯಬೇಕು. ಕ್ವಾರ್ಟರ್ಸಿನ ಹಿಂದಿನ ಬಯಲಿನಲ್ಲಿ ಅಪ್ಪ ನನ್ನ ಎದೆಯ ಮೇಲೆ ಕೂತು ‘ನಡಾ ಎತ್ತು, ನಡಾ ಎತ್ತಲೇ’ ಎನ್ನುತ್ತಿದ್ದರು. ಶಾಲೆಗೆ ಹೋಗುವ ಹೊತ್ತಿಗೆ ನನ್ನ ಕುತ್ತಿಗೆ ಹೋರಿಯ ಕುತ್ತಿಗೆಯಾಗಿತ್ತು, ಅಂಗಿಯ ಮೇಲಿನ ಗುಂಡಿ ಹಾಕಲು ಬರುತ್ತಿರಲಿಲ್ಲ.

ನಾನು ಈ ಹೊಸ ಕುಸ್ತಿಗೆ ಹೋದಾಗ ಅಪ್ಪ ಹೇಳಿದ್ದು ಇಷ್ಟೇ: “ಮೊದಲ ಸೋಲ್ತೀನಂತ ಗೊತ್ತಿದ್ಮ್ಯಾಲ ಕಣಕ್ಕ ಇಳಿಯೂದರ ಯಾಕ?”

ಮಣ್ಣಿನ ಕಣಗಳು ನಗರದಲ್ಲಿ ಕಡಿಮೆಯಾಗುತ್ತಿದ್ದವು. ಚಾಪೆಯ ಕುಸ್ತಿಯಲ್ಲಿ ನಾನು ಜಿಲ್ಲೆಯ ಮಟ್ಟ ದಾಟಿರಲಿಲ್ಲ. ಆದರೆ ಜನರ ಮುಂದೆ ಮೈ ತೋರಿಸಿ ನಿಲ್ಲುವ ಆಸೆ ಸತ್ತಿರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಚಪ್ಪಾಳೆಯ ರುಚಿ ಹತ್ತಿದವನಿಗೆ ಬೇರೆ ಊಟ ಸಪ್ಪೆ.

ನಾಚಾರಂ ಕಡೆ ಮುಚ್ಚಿಹೋದ ಕಾರ್ಖಾನೆಯೊಂದರ ಸಿಮೆಂಟ್ ಶೀಟಿನ ಶೆಡ್ಡಿನಲ್ಲಿ ನಮ್ಮ ಕಲಿಕೆ ನಡೆಯುತ್ತಿತ್ತು. ಕೋಚ್ ಇದೇ ನಗರದ ಹಳೇ ಪೇಟೆಯವರು. ಎಲ್ಲೆಲ್ಲೋ ಅಲೆದು ಆಡಿ, ಮೊಣಕಾಲು ಕಳೆದುಕೊಂಡು ಬಂದು ಈ ತಂಡ ಕಟ್ಟಿದ್ದರು. ಅವರು ಹೇಳಿಕೊಟ್ಟ ಮೊದಲ ಪಾಠ ನಾನು ಅಲ್ಲಿಯವರೆಗೆ ಕಲಿತದ್ದಕ್ಕೆಲ್ಲ ತದ್ವಿರುದ್ಧವಾಗಿತ್ತು. ಗದ್ದವನ್ನು ಎದೆಗೆ ಒತ್ತಬೇಕು, ಉಸಿರು ಬಿಡಬೇಕು, ಎರಡೂ ಅಂಗೈಯನ್ನು ಹಲಗೆಗೆ ಬಡಿಯುತ್ತ ಬೆನ್ನು ಪೂರ್ತಿ ಹರಡಿ ಬೀಳಬೇಕು. ಬೆನ್ನು ಅಗಲ, ಅದಕ್ಕೇ ಪೆಟ್ಟು ಹಂಚಿಹೋಗುತ್ತದೆ. ಸದ್ದು ದೊಡ್ಡದಾಗುತ್ತದೆ, ನೋವು ಸಣ್ಣದಾಗುತ್ತದೆ. ಹಾಗೆಂದು ನೋವೇ ಇಲ್ಲವೆಂದಲ್ಲ. ಮೊದಲ ತಿಂಗಳು ನಾನು ಲೋಕಲ್ ರೈಲಿನಲ್ಲಿ ಸೀಟು ಸಿಕ್ಕರೂ ಒರಗಿ ಕೂರುತ್ತಿರಲಿಲ್ಲ.

ಮನೆಯಲ್ಲೂ ಮಾಳಿಗೆಯ ಮೇಲೆ ಹಳೇ ಗಾದಿಗಳನ್ನು ಹಾಸಿ ಬೆಳಗಾಗುತ್ತಲೇ ಬೀಳುತ್ತಿದ್ದೆ. ಕುಕ್ಕರಗಾಲಿನಲ್ಲಿ ಕೂತು ಬೀಳುವುದು, ನಿಂತು ಬೀಳುವುದು, ನೆಗೆದು ಬೀಳುವುದು. ತುಳಸಿಗೆ ನೀರು ಹಾಕಲು ಬಂದ ಅಪ್ಪ ಒಂದು ದಿನ ಚೊಂಬು ಹಿಡಿದು ನಿಂತೇಬಿಟ್ಟರು.

“ಏನ್ ನಡಿಸೀಯೋ ಇದು?”

“ಬೀಳೂದು ಕಲಿಯಾಕತ್ತೀನ್ರಿ ಅಪ್ಪಾ.”

“ಬೀಳೂದನ್ನ ಯಾರರ ಕಲೀತಾರೇನು? ಅದು ತಾನ ಬರ್ತೈತಿ” ಎಂದು ಅಪ್ಪ ನೀರು ಹಾಕಿ ಕೆಳಗೆ ಹೋದರು.

ನನಗೆ ಮಾತ್ರ ಅದು ತಾನಾಗಿ ಬರಲಿಲ್ಲ. ನನ್ನಷ್ಟಕ್ಕೆ ನಾನು ಬೀಳುವಾಗ ಚೆನ್ನಾಗಿಯೇ ಬೀಳುತ್ತಿದ್ದೆ. ಆದರೆ ಇನ್ನೊಬ್ಬ ನನ್ನನ್ನು ಎತ್ತಿ ಒಗೆದನೆಂದರೆ ಮೈ ನನ್ನ ಮಾತು ಕೇಳುತ್ತಿರಲಿಲ್ಲ. ಗಾಳಿಯಲ್ಲಿರುವಾಗಲೇ ಸರಕ್ಕನೆ ಹೊರಳಿ ಹೊಟ್ಟೆ ಕೆಳಗಾಗುತ್ತಿತ್ತು. ಕೋಚ್ ಹಣೆ ಬಡಿದುಕೊಳ್ಳುತ್ತಿದ್ದರು: “ಅರೆ ಮಿಯಾ, ಕಾಯ್ಕು ಪಲಟ್ ರಾ ರೇ ತೂ? ಗಿರೋ ನಾ ಸೀದಾ!” ಯಾಕೆ ಮಗುಚುತ್ತೀಯ, ನೆಟ್ಟಗೆ ಬೀಳು. ಯಾಕೆ ಎಂದು ನನಗೆ ಗೊತ್ತಿತ್ತು. ಅಪ್ಪ ನನ್ನ ಮೂಳೆಯೊಳಗೆ ಕೂತಿದ್ದರು.

ಆಟದಲ್ಲಿ ನನ್ನ ಎದುರಾಳಿ ಯಾದಗಿರಿಯ ಕಡೆಯ ಹುಡುಗ. ಹುಡುಗ ಎಂದರೆ ನನಗಿಂತ ನಾಲ್ಕಾರು ವರ್ಷ ಚಿಕ್ಕವನು, ಮದುವೆಯಾಗಿ ಮಗುವೂ ಇತ್ತು. ಗಚ್ಚಿಬೌಲಿಯ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ನಾವು ಯಾರ ವಾರ್ಷಿಕೋತ್ಸವಕ್ಕೆ ಆಡುತ್ತಿದ್ದೆವೋ ಅವರ ಕಟ್ಟಡಗಳಿಗೆ ಚಾವಣಿ ಹಾಕಿದವರಲ್ಲಿ ಅವನೂ ಒಬ್ಬ. ರಿಂಗಿನಲ್ಲಿ ಅವನು ಖಳನಾಯಕ. ಮುಖಕ್ಕೆ ಕರಿ ಬಳಿದುಕೊಂಡು, ಜನರನ್ನು ಬೈದು, ಕಣ್ಣು ಕೆಂಪಗೆ ಮಾಡಿ ಬರುತ್ತಿದ್ದ. ರಿಂಗಿನ ಹೊರಗೆ ಮಾತಾಡಿಸಿದರೆ ನೆಲ ನೋಡುತ್ತಿದ್ದ. ನನ್ನನ್ನು ತಲೆಯ ಮೇಲೆ ಎತ್ತಿ, ಒಂದು ಸುತ್ತು ತಿರುಗಿ, ಬೆನ್ನು ಕೆಳಗಾಗಿ ಒಗೆಯುವುದೇ ಅವನ ದೊಡ್ಡ ಪಟ್ಟು. ಅದನ್ನು ನೋಡಲೆಂದೇ ಜನ ಕಾಯುತ್ತಿದ್ದರು.

ಒಂದು ದಿನ ಅಭ್ಯಾಸದಲ್ಲಿ ಅವನು ಒಗೆಯುವಾಗ ನಾನು ಎಂದಿನಂತೆ ಹೊರಳಿದೆ. ಅವನ ಬಲಗೈ ನನ್ನ ಸೊಂಟದ ಕೆಳಗೆ ಸಿಕ್ಕಿಕೊಂಡು, ನನ್ನ ಭಾರವೆಲ್ಲ ಅದರ ಮೇಲೆ ಬಿತ್ತು. ಅವನು ಕೂಗಲಿಲ್ಲ. ಎದ್ದು ಗೋಡೆಗೆ ಒರಗಿ ಕೂತ, ಮುಖದ ಬಣ್ಣವೇ ಹೋಗಿತ್ತು. ರಟ್ಟೆ ಊದಿಕೊಂಡು ಎಷ್ಟೋ ದಿನ ಕೆಲಸಕ್ಕೆ ಹೋಗಲಾಗಲಿಲ್ಲ. ನಾನು ನೋಡಲು ಹೋದಾಗ, ಕೆಲಸಗಾರರ ತಗಡಿನ ಶೆಡ್ಡಿನ ಮುಂದೆ ಮಗುವನ್ನು ಎಡಗೈಯಲ್ಲಿ ಎತ್ತಿಕೊಂಡು ಕೂತಿದ್ದ. ನಾನು ಬಾಯಿ ತೆರೆಯುವ ಮೊದಲೇ ಅವನೇ ಹೇಳಿದ:

“ಅಣ್ಣಾ, ಸಿಟ್ಟಿಲ್ಲ ನನಗ. ಖರೆ ನೀ ಹಂಗ ತಿರುಗಿದ್ರ ನಿನ್ನ ಭಾರ ಎಲ್ಲಾ ನನ್ನ ರಟ್ಟೀಗಿ ಬರ್ತೈತಿ. ಈ ಕೈ ಹೋತಂದ್ರ ನಾ ಆಟಾನೂ ಇಲ್ಲ, ಕೆಲಸಾನೂ ಇಲ್ಲ.”

ಅಂದು ಮನೆಗೆ ಬರುವಾಗ ದಾರಿಯುದ್ದಕ್ಕೂ ಅದನ್ನೇ ಲೆಕ್ಕ ಹಾಕಿದೆ. ಮಣ್ಣಿನ ಕುಸ್ತಿಯಲ್ಲಿ ನನ್ನ ಮೈ ನನ್ನದು, ಅವನ ಮೈ ಅವನದು. ಕಾಪಾಡಿಕೊಳ್ಳುವುದು ಅವರವರ ಪಾಡು. ಇಲ್ಲಿ ಹಾಗಲ್ಲ. ನನ್ನ ಕುತ್ತಿಗೆ ಅವನ ಕೈಯಲ್ಲಿ, ಅವನ ಕೈ ನನ್ನ ಬೆನ್ನಿನಲ್ಲಿ. ನಾನು ಸೋಲದಂತೆ ಮೈ ಉಳಿಸಿಕೊಂಡರೆ ಅವನು ಕೈ ಕಳೆದುಕೊಳ್ಳುತ್ತಾನೆ. ಇಷ್ಟು ಸರಳವಾದ ಮಾತು ಅರ್ಥವಾಗಲು ನನಗೆ ಅವನ ಊದಿದ ರಟ್ಟೆ ನೋಡಬೇಕಾಯಿತು.

ಅವನ ಕೈ ವಾಸಿಯಾಗುವ ಹೊತ್ತಿಗೆ ಶಂಶಾಬಾದಿನ ಕಡೆಯ ರೆಸಾರ್ಟೊಂದರಲ್ಲಿ ಆಟ ನಿಗದಿಯಾಯಿತು. ದೊಡ್ಡ ಕಂಪನಿಯೊಂದರ ವಾರ್ಷಿಕೋತ್ಸವ. ನಮ್ಮ ಜೋಡಿಯದೇ ಕೊನೆಯ ಆಟ, ಆ ಎತ್ತಿ ಒಗೆಯುವ ಪಟ್ಟಿನಿಂದ ಅವನೇ ಗೆಲ್ಲಬೇಕು. ಕೋಚ್ ನನ್ನನ್ನು ಪಕ್ಕಕ್ಕೆ ಕರೆದು, ಈ ಸಲ ಹೊರಳಿದರೆ ಇನ್ನು ರಿಂಗ್ ಹತ್ತಿಸುವುದಿಲ್ಲ ಎಂದು ನೆಟ್ಟಗೆ ಹೇಳಿದರು. ನನ್ನ ಬದಲು ಬೇರೆಯವನನ್ನು ಹಾಕುವ ಯೋಚನೆಯೂ ಅವರಿಗಿತ್ತು. ಯಾದಗಿರಿಯವನೇ ಒಪ್ಪಲಿಲ್ಲ. “ಅಣ್ಣನ್ನ ಎತ್ತಾಕ ರೂಢಿ ಆಗೈತಿ” ಎಂದನಂತೆ. ಇದನ್ನು ಕೇಳಿ ನನಗೆ ಖುಷಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಆಮೇಲೆ ನಾವು ಒಂದು ಹುಚ್ಚು ಉಪಾಯ ಮಾಡಿದೆವು. ಹುಚ್ಚು ನನ್ನದು, ಭಾರ ಅವನದು. ಅವನು ನನ್ನನ್ನು ಒಗೆಯುವುದೇ ಇಲ್ಲ, ಸುಮ್ಮನೆ ಹೆಗಲ ಮೇಲೆ ಅಡ್ಡಡ್ಡ ಹೊತ್ತುಕೊಂಡು ಶೆಡ್ಡಿನ ತುಂಬ ತಿರುಗಾಡಬೇಕು. ಅಕ್ಕಿಮೂಟೆ ಹೊತ್ತ ಹಾಗೆ. ನಾನು ಮೇಲೆ ಮಲಗಿ ಚಾವಣಿ ನೋಡುತ್ತಿರಬೇಕು. ಮೊದಮೊದಲು ಮೈಯೆಲ್ಲ ಬಿಗಿದು, ಯಾವ ಕಡೆ ಹೊರಳಲಿ ಎಂದು ಒದ್ದಾಡುತ್ತಿತ್ತು. ಉಳಿದವರು ‘ಸಂತೆಯಲ್ಲಿ ಎಷ್ಟಕ್ಕೆ ಮಾರ್ತೀಯ?’ ಎಂದು ಅವನನ್ನು ಛೇಡಿಸುತ್ತಿದ್ದರು. ಅವನು ಹೊತ್ತುಕೊಂಡೇ ಮಾತಾಡುತ್ತಿದ್ದ. ಊರ ಸುದ್ದಿ, ಮಗುವಿಗೆ ಹಲ್ಲು ಬಂದ ಸುದ್ದಿ. ಒಂದು ದಿನ ಅವನ ಹೆಗಲ ಮೇಲೆ ನನಗೆ ತೂಕಡಿಕೆಯೇ ಬಂತು. ಅದೇ ಹೊತ್ತಿಗೆ ಹೇಳದೆ ಕೇಳದೆ ಗಾದಿಯ ಮೇಲೆ ಒಗೆದ. ಬೆನ್ನು ಪೂರ್ತಿ ಹರಡಿ ಬಿದ್ದೆ. ಅಂಗೈ ತಾವಾಗಿಯೇ ಬಡಿದಿದ್ದವು. ಇಬ್ಬರೂ ಹುಚ್ಚರ ಹಾಗೆ ನಕ್ಕೆವು. ಅಂದಿನಿಂದ ಹೆಚ್ಚಿನ ಸಲ ಸರಿಯಾಗಿ ಬೀಳುತ್ತಿದ್ದೆ. ಹೆಚ್ಚಿನ ಸಲ ಎಂದರೆ ಎಲ್ಲ ಸಲ ಅಲ್ಲ. ಅದೇ ಅಂಜಿಕೆ.

ಆಟಕ್ಕೆ ಮೊದಲಿನ ಭಾನುವಾರ ಅವನು ಮನೆಗೆ ಊಟಕ್ಕೆ ಬಂದ. ಅಪ್ಪ ಅವನ ಹೆಗಲು ನೋಡಿದವರೇ ಪೇಪರ್ ಮಡಿಚಿಟ್ಟರು. ಯಾವ ಊರು, ಯಾರ ತಾಲೀಮು ಎಂದು ವಿಚಾರಿಸಿದರು. ಅವನೂ ಸಣ್ಣವನಿದ್ದಾಗ ಊರ ಗರಡಿಯಲ್ಲಿ ಮಣ್ಣು ಹಚ್ಚಿಕೊಂಡವನೆಂದು ಗೊತ್ತಾದ ಮೇಲಂತೂ ಅಪ್ಪನ ಮಾತು ನಿಲ್ಲಲೇ ಇಲ್ಲ. ಅವ್ವ ಎರಡು ಸಲ ರೊಟ್ಟಿ ಬಿಸಿ ಮಾಡಿದಳು. ಹೊರಡುವಾಗ ಅವನು, “ಅಪ್ಪಾರ, ನೀವೂ ಬರ್ರಿ ಆಟಕ್ಕ. ನಿಮ್ಮಂಥೋರು ನೋಡಿದ್ರ ನಮಗ ಭಾಳ ಧೈರ್ಯ” ಎಂದ. ನಾನು ಹತ್ತು ಸಲ ಕರೆದರೂ ಬರದ ಅಪ್ಪ ಅವನ ಒಂದು ಮಾತಿಗೆ ಹ್ಞೂಂ ಅಂದರು. ಯಾರು ಗೆಲ್ಲುವುದು ಎಂದು ಅಪ್ಪ ಕೇಳಲಿಲ್ಲ. ನಾವೂ ಹೇಳಲಿಲ್ಲ. ಪೈಲ್ವಾನನೊಬ್ಬನಿಗೆ ಅದನ್ನು ಹೇಗೆ ಹೇಳುವುದು?

ಶಂಶಾಬಾದಿನ ಆ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಹುಲ್ಲುಹಾಸಿನ ಮೇಲೆ ಶಾಮಿಯಾನ, ಅದರ ಕೆಳಗೆ ನಮ್ಮ ರಿಂಗ್, ಸುತ್ತ ಕೊರಳಿಗೆ ಗುರುತಿನ ಚೀಟಿ ನೇತಾಡಿಸಿಕೊಂಡ ಜನ. ತಲೆಯ ಮೇಲೆ ಆಗಾಗ ವಿಮಾನ ಹಾದುಹೋಗುತ್ತಿತ್ತು, ಆಗ ಮೈಕಿನವನ ಮಾತು ಬರೀ ಬಾಯಾಡಿಸಿದ ಹಾಗೆ ಕಾಣುತ್ತಿತ್ತು. ಅಪ್ಪ ಮುಂದಿನ ಸಾಲಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಬಿರಿಯಾನಿ ತಟ್ಟೆ ಹಿಡಿದವರ ನಡುವೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

ಮೊದಲು ನಾನು ರಿಂಗ್ ಹತ್ತಿದೆ. ಆಮೇಲೆ ಖಳನಾಯಕ ಬಂದ. ಕರಿ ಬಳಿದ ಮುಖ, ಗುಡುಗಿನಂಥ ಹಾಡು, ಜನರಿಗೆ ಬೈಗುಳ. ಎಲ್ಲ ಸರಿಯಾಗಿಯೇ ನಡೆದಿತ್ತು. ಮುಂದಿನ ಸಾಲಿಗೆ ಬಂದವನು ಅಪ್ಪನನ್ನು ಕಂಡದ್ದೇ ತಡ, ಬೈಯುವುದನ್ನು ನಿಲ್ಲಿಸಿ, ಬಾಗಿ, ಎರಡೂ ಕೈಯಿಂದ ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಕಣಕ್ಕೆ ಇಳಿಯುವ ಮೊದಲು ಹಿರಿಯ ಪೈಲ್ವಾನರ ಕಾಲಿಗೆ ಬೀಳದೆ ಅವನಿಗೆ ಗೊತ್ತೇ ಇಲ್ಲ. ಅಪ್ಪ ಅಷ್ಟೇ ಗಂಭೀರವಾಗಿ ಅವನ ತಲೆಯ ಮೇಲೆ ಕೈಯಿಟ್ಟರು. ಜನ ಗೊಳ್ಳೆಂದು ನಕ್ಕರು. ಕೋಚ್ ಹಗ್ಗ ಹಿಡಿದು ಕಣ್ಣು ಮುಚ್ಚಿಕೊಂಡರು. ಅವನಿಗೆ ತಾನು ಮಾಡಿದ್ದು ಗೊತ್ತಾಗಿ, ಮುಜುಗರ ಮುಚ್ಚಲು ಇನ್ನೂ ಜೋರಾಗಿ ಅರಚುತ್ತ ರಿಂಗಿಗೆ ನುಗ್ಗಿದ.

ಆಟ ಚೆನ್ನಾಗಿ ಏರಿತು. ನಾನು ಹೊಡೆದೆ, ಅವನು ಬಿದ್ದ. ಅವನು ಹೊಡೆದ, ನಾನು ಹಗ್ಗಕ್ಕೆ ಒರಗಿ ಏದುಸಿರು ಬಿಟ್ಟೆ. ತಟ್ಟೆಗಳು ಕೆಳಗಾದವು, ಜನ ಎದ್ದು ನಿಂತರು. ಆಮೇಲೆ ಅವನ ಕೈ ನನ್ನ ತೊಡೆಯ ನಡುವೆ ಬಂತು, ಇನ್ನೊಂದು ಕುತ್ತಿಗೆಗೆ. ಎತ್ತಿದ. ಶಾಮಿಯಾನದ ಕೆಂಪು ಬಟ್ಟೆ ಕಣ್ಣಿಗೆ ಹತ್ತಿರವಾಯಿತು. ನನ್ನ ಎಡ ಹೆಗಲು ಹೊರಳಲು ಹವಣಿಸಿದ್ದು ನನಗೆ ತಿಳಿಯಿತು. ಊದಿದ ಆ ರಟ್ಟೆ ನೆನಪಾಯಿತು. ಉಸಿರು ಬಿಟ್ಟು ಮೈಯನ್ನು ಅವನಿಗೆ ಕೊಟ್ಟುಬಿಟ್ಟೆ.

ಹಲಗೆ ಸಿಡಿಲಿನಂತೆ ಸದ್ದು ಮಾಡಿತು. ಬೆನ್ನು ಪೂರ್ತಿ ಹರಡಿತ್ತು. ಆಯಿತು, ದಾಟಿದೆ ಅಂದುಕೊಂಡೆ. ಅವನು ನನ್ನ ಎದೆಯ ಮೇಲೆ ಅಡ್ಡ ಬಿದ್ದು, ಬಲಗೈಯನ್ನು ನನ್ನ ಬೆನ್ನಿನ ಕೆಳಗೆ ತೂರಿಸಿ ಹಿಡಿದ. ರೆಫರಿ ಅಂಗೈ ಬಡಿದು ಎಣಿಸತೊಡಗಿದ. ಮೂರು ಎಣಿಸಿದರೆ ಮುಗಿಯಿತು.

ಆಗ ಅಪ್ಪನ ದನಿ ಕೇಳಿತು.

“ನಡಾ ಎತ್ತು! ನಡಾ ಎತ್ತಲೇ!”

ಅಪ್ಪ ಕುರ್ಚಿ ಬಿಟ್ಟು ರಿಂಗಿನ ಅಂಚಿಗೇ ಬಂದು ಹಲಗೆ ಬಡಿಯುತ್ತಿದ್ದರು. ಅದು ನಾಟಕವೆಂದು ಅಷ್ಟು ವರ್ಷ ಹೀಗಳೆದವರಿಗೆ ಆ ಗಳಿಗೆಯಲ್ಲಿ ನಾಟಕ ಮರೆತೇ ಹೋಗಿತ್ತು. ಅರ್ಥವಾಗದಿದ್ದರೂ ಹಿಂದಿನ ಸಾಲಿನ ಹುಡುಗರು ಅದನ್ನೇ ಹಿಡಿದು ‘ಎತ್ತಲೇ, ಎತ್ತಲೇ’ ಎಂದು ಕೂಗತೊಡಗಿದರು. ನನ್ನ ಹಿಮ್ಮಡಿಗಳು ತಾವಾಗಿಯೇ ಹಲಗೆಗೆ ಊರಿದವು. ಕುತ್ತಿಗೆ ಬಿಗಿಯಿತು. ನಾನು ನಿಜಕ್ಕೂ ಏಳಬಲ್ಲವನಾಗಿದ್ದೆ. ಅವನಿಗಿಂತ ಭಾರದವರನ್ನು ಎದೆಯ ಮೇಲಿಂದ ಕೆಡವಿದ್ದೇನೆ. ನಡು ಎತ್ತಿ ಹೊರಳಿದ್ದರೆ ಬೆನ್ನ ಕೆಳಗಿದ್ದ ಅವನ ಕೈ ತಿರುಚಿ ಹೋಗುತ್ತಿತ್ತು.

ಕಿವಿಯ ಹತ್ತಿರ ಅವನು ಪಿಸುಗುಟ್ಟಿದ: “ಅಣ್ಣಾ, ಬ್ಯಾಡ. ಬ್ಯಾಡಣ್ಣಾ.”

ನಾನು ಹಿಮ್ಮಡಿ ಸಡಿಲ ಬಿಟ್ಟೆ. ನನ್ನ ಜೀವಮಾನದಲ್ಲಿ ನಾನು ಹಾಕಿದ ಅತಿ ದೊಡ್ಡ ಶಕ್ತಿ ಸುಮ್ಮನೆ ಮಲಗಿರುವುದಕ್ಕೆ ಹೋಯಿತು. ರೆಫರಿಯ ಕೈ ಎಷ್ಟು ನಿಧಾನವಾಗಿ ಏಳುತ್ತಿತ್ತೆಂದರೆ ಅವನನ್ನೇ ಎದ್ದು ಒದೆಯಬೇಕೆನಿಸಿತು. ಮೂರನೆಯ ಸಲ ಅಂಗೈ ಬಡಿದಾಗ ಜನರ ಕೂಗಿನಲ್ಲಿ ಅಪ್ಪನ ದನಿ ಇರಲಿಲ್ಲ. ತಲೆ ಹೊರಳಿಸಿ ನೋಡಿದೆ. ಅಪ್ಪ ಹಲಗೆಯ ಮೇಲಿನ ಕೈ ತೆಗೆದು ತಮ್ಮ ಕುರ್ಚಿಯ ಕಡೆ ನಡೆಯುತ್ತಿದ್ದರು. ನನಗೆ ಅಳು ಬಂತು. ಬೆವರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ರಿಂಗ್ ಬಿಚ್ಚುವ ಕೆಲಸವನ್ನು ಉಳಿದವರಿಗೆ ಬಿಟ್ಟು ನಾನು ಅಪ್ಪನ ಜೊತೆ ಬಸ್ ಹತ್ತಿದೆ. ಇನ್ನೂ ಬಿಸಿಲಿತ್ತು. ಹೆದ್ದಾರಿಯ ಅಕ್ಕಪಕ್ಕ ಹೊಸ ಲೇಔಟಿನ ಕಲ್ಲುಗಳು, ಅರ್ಧ ಎದ್ದ ಮನೆಗಳು. ಅಪ್ಪ ಕಿಟಕಿಯ ಹೊರಗೇ ನೋಡುತ್ತಿದ್ದರು. ಆರಾಂಘರ್ ದಾಟಿದ ಮೇಲೆ ನನ್ನ ಕಡೆ ತಿರುಗಿದರು.

“ನಿನಗ ಏಳಾಕ ಬರ್ತಿತ್ತು” ಅಂದರು. ಅದು ಪ್ರಶ್ನೆಯಾಗಿರಲಿಲ್ಲ.

“ಬರ್ತಿತ್ರಿ ಅಪ್ಪಾ.”

“ಅವನ ಕೈ ನಿನ್ನ ಬೆನ್ನಾಗ ಸಿಕ್ಕಿತ್ತು.”

“ಹೌದ್ರಿ. ಹಿಂದ ಪೆಟ್ಟಾದ ಕೈ ಅದು.”

ಅಪ್ಪ ತಲೆಯಾಡಿಸಿದರು. ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತು, ಹೊರಟಿತು. ಅವರ ಬಿಳಿ ಅಂಗಿಯ ತೋಳಿಗೆ ಹಲಗೆಯ ಧೂಳು ಹತ್ತಿತ್ತು, ಅದನ್ನು ಕೊಡವಿಕೊಂಡರು.

“ಛಲೋ ಬಿದ್ದಿ” ಅಂದರು. ಮತ್ತೆ ಕಿಟಕಿಯ ಕಡೆ ತಿರುಗಿ, “ಖರೆ ನನ್ನ ಮುಂದ ಮತ್ತ ಬೀಳಬ್ಯಾಡ. ನನ್ನ ಕೈಲೆ ನೋಡಾಕ ಆಗಂಗಿಲ್ಲ” ಅಂದರು.

ಅದಾದ ಮೇಲೂ ನಾನು ಕೆಲವು ವರ್ಷ ಆಡಿದೆ. ಒಮ್ಮೆಯೂ ಹೊರಳಲಿಲ್ಲ, ಯಾದಗಿರಿಯವನ ಕೈಗೆ ಮತ್ತೆ ಪೆಟ್ಟಾಗಲಿಲ್ಲ. ಚೆನ್ನಾಗಿ ಬೀಳುತ್ತಾನೆಂದು ಹೆಸರಾದೆ. ಹಾಗೆ ಹೆಸರಾದವನಿಗೆ ಈ ಆಟದಲ್ಲಿ ಸೋಲುವ ಸರದಿಯೇ ಹೆಚ್ಚು ಕೊಡುತ್ತಾರೆ. ಗೆಲ್ಲುವ ಸರದಿ ಇದ್ದಾಗ ಮಾತ್ರ ಅಪ್ಪನಿಗೆ ಆಟಕ್ಕೆ ಬನ್ನಿ ಎಂದು ಹೇಳುತ್ತಿದ್ದೆ. ಪ್ರತಿ ಶನಿವಾರ ನಾನು ಚೀಲ ಕಟ್ಟುವಾಗ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿರುತ್ತಿದ್ದರು. ನಾನು ಏನೂ ಹೇಳದೆ ಚಪ್ಪಲಿ ಮೆಟ್ಟಿದರೆ, ಅವರೂ ಏನೂ ಕೇಳದೆ ಎದ್ದು ಹೋಗಿ ಅಂಗಿ ಕಳಚುತ್ತಿದ್ದರು.